ಗದ್ದೆಯಲ್ಲಿ ಬೀಜ ಆಯುವ ಮದ್ದು

(ಬ್ರಹ್ಮಾವರ ಸಮೀಪದ ಹಳ್ಳಿಯೊಂದರಲ್ಲಿ ಏಣೆಲು, ಅಂದರೆ ಮಳೆಗಾಲದ ಭತ್ತದ ಬೇಸಾಯಕ್ಕೆ ಮುಂಚೆ ಸೇರಿದ್ದ ಕೃಷಿಕರೆದುರು ನಿವೃತ್ತ ಬೇಸಾಯಶಾಸ್ತ್ರ ಅಧ್ಯಾಪಕರೊಬ್ಬರು, ಕಳೆನಾಶಕ ಮದ್ದಿಗೆ ಕಳೆ ಸಾಯದಾಗುವುದು ಯಾಕೆ ಎಂಬ ಬಗ್ಗೆ ಆಡಿದ ಮಾತುಗಳ ಬರಹ ರೂಪ)

ನನ್ನ ಅಮ್ಮ ಕಳೆ ಕೀಳುವಾಗ ಕಣ್ಣನ್ನು ಪೂರ್ತಿ ನಂಬುತ್ತಿರಲಿಲ್ಲ. ಸಂಶಯ ಬಂದ ಬುಡದ ಹತ್ತಿರ ಬಗ್ಗಿ, ಎಲೆಯು ಕಾಂಡವನ್ನು ಬಿಟ್ಟು ಹೊರಗೆ ಬಾಗುವ ಜಾಗವನ್ನು ಹೆಬ್ಬೆರಳಿನಿಂದ ಒಮ್ಮೆ ಸವರುತ್ತಿದ್ದಳು. ಇಲ್ಲಿ ಕುಳಿತ ಹೆಂಗಸರಲ್ಲಿ ಎಷ್ಟೋ ಮಂದಿಗೆ ಇದು ಗೊತ್ತುಂಟು. ಭತ್ತಕ್ಕೆ ಆ ಜಾಗದಲ್ಲಿ ತೆಳ್ಳಗಿನ ಒಂದು ನಾಲಿಗೆ ಉಂಟು, ಪಕ್ಕದಲ್ಲಿ ಕೂದಲಿರುವ ಪುಟ್ಟ ಕಿವಿ ಉಂಟು. ಭತ್ತದ ವೇಷ ಹಾಕಿ ನಿಲ್ಲುವ ಆ ಹುಲ್ಲಿಗೆ ನಾಲಿಗೆಯೂ ಇಲ್ಲ, ಕಿವಿಯೂ ಇಲ್ಲ. ಊರೂರಲ್ಲಿ ಅದಕ್ಕೆ ಬೇರೆ ಬೇರೆ ಹೆಸರು, ಪುಸ್ತಕದಲ್ಲಿ ಎಕಿನೋಕ್ಲೋವಾ. ತೆನೆ ಬಂದ ಮೇಲೆ ಅದನ್ನು ಯಾರು ಬೇಕಾದರೂ ಗುರುತಿಸುತ್ತಾರೆ. ಅಷ್ಟರಲ್ಲಿ ಅದರ ಬೀಜ ಗದ್ದೆಗೆ ಉದುರಲು ಶುರುವಾಗಿರುತ್ತದೆ.

ಹುಲ್ಲಿಗೆ ಕಣ್ಣಿಲ್ಲ, ಪಕ್ಕದ ಭತ್ತವನ್ನು ನೋಡಿ ವೇಷ ಕಟ್ಟಿಕೊಳ್ಳಲು ಅದಕ್ಕೆ ಯಕ್ಷಗಾನದವರ ಬಣ್ಣದ ಚೌಕಿಯೂ ಇಲ್ಲ. ಹಾಗಾದರೆ ಅದು ಭತ್ತದ ಹಾಗೆ ಆದದ್ದು ಹೇಗೆ? ಲೆಕ್ಕ ಬಹಳ ಸರಳ. ನೆಲದ ಮೇಲೆ ಹರಡಿಕೊಂಡು, ಬುಡ ಕೆಂಪಾಗಿ, ದೂರದಿಂದಲೇ ಕಾಣುವ ಹುಲ್ಲನ್ನು ನಮ್ಮ ಅಜ್ಜಿಯಂದಿರು ಕಿತ್ತರು. ಭತ್ತದ ಹಾಗೆ ನೆಟ್ಟಗೆ, ಹಸುರಾಗಿ ನಿಂತದ್ದು ಕಣ್ತಪ್ಪಿ ಉಳಿಯಿತು, ಬೀಜ ಬಿಟ್ಟಿತು. ಮರುವರ್ಷ ಅಂಥವು ಸ್ವಲ್ಪ ಹೆಚ್ಚಾದವು. ಚೀನಾದ ಯಾಂಗ್ಟ್ಸೆ ನದಿಯ ಬಯಲಿನ ಈ ಹುಲ್ಲಿನ ವಂಶವಾಹಿಗಳನ್ನು ಓದಿ 2019ರಲ್ಲಿ ಅಲ್ಲಿನ ವಿಜ್ಞಾನಿಗಳು ಹೇಳಿದ್ದು, ಈ ವೇಷ ಸುಮಾರು 1000 ವರ್ಷಗಳ ಹಿಂದೆ ಮೂಡಿತು ಎಂದು. ಸಾವಿರ ವರ್ಷ ಕೈಯಿಂದ ಕಿತ್ತು ಕಿತ್ತು ನಾವೇ ಆ ಹುಲ್ಲಿನ ತಳಿ ಅಭಿವೃದ್ಧಿ ಮಾಡಿದೆವು.

ಇನ್ನೊಂದು ಕಥೆ ಉಂಟು, ನನಗೆ ಬಹಳ ಇಷ್ಟವಾದದ್ದು. ಮಧ್ಯ ಭಾರತದ ಕಡೆ ಗದ್ದೆಯಲ್ಲಿ ಕಾಡುಭತ್ತದ ಕಾಟ. ಅದೂ ಭತ್ತವೇ, ಎಳೆಯದಿರುವಾಗ ಬೇರ್ಪಡಿಸುವುದು ಕಷ್ಟ. ಆಗ ಒಂದು ಉಪಾಯ ಹೂಡಿದರು: ಎಲೆ ನೇರಳೆ ಬಣ್ಣದ ಭತ್ತದ ತಳಿಯನ್ನೇ ಬಿತ್ತುವುದು. ನೇರಳೆ ಇದ್ದದ್ದು ನಮ್ಮದು, ಹಸುರು ಇದ್ದದ್ದು ಕಳೆ, ಕಿತ್ತು ಬಿಸಾಡು. ಕೆಲವು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ನೋಡಿದರೆ ಕಾಡುಭತ್ತವೂ ನೇರಳೆ! ಭತ್ತದೊಂದಿಗೆ ಪರಾಗ ಕೂಡಿ ಬಣ್ಣ ದಾಟಿತ್ತು, ಹಸುರು ಇದ್ದದ್ದನ್ನೆಲ್ಲ ಜನರೇ ಕಿತ್ತು ಮುಗಿಸಿದ್ದರು, ನೇರಳೆ ಆದದ್ದು ಉಳಿದಿತ್ತು.

ಈ ಎರಡು ಕಥೆಗಳನ್ನು ಮೊದಲು ಹೇಳಿದ್ದಕ್ಕೆ ಕಾರಣ ಉಂಟು. ನಾನು ಎಲ್ಲಿ ಹೋದರೂ ಕೇಳುವ ಮಾತು ಒಂದೇ. "ಸರ್, ಹೋದ ಸಲ ಟ್ಯಾಂಕಿಗೆ ಎರಡು ಮುಚ್ಚಳ ಹಾಕಿದ್ರೆ ಸಾಕಿತ್ತು, ಈ ಸಲ ನಾಲ್ಕು ಹಾಕಿದ್ರೂ ಹುಲ್ಲು ಹಾಗೇ ಉಂಟು. ಹುಲ್ಲಿಗೆ ಮದ್ದು ಅಭ್ಯಾಸ ಆಯ್ತಾ ಎಂತ?" ಅಭ್ಯಾಸ ಎಂಬ ಮಾತೇ ದಾರಿ ತಪ್ಪಿಸುವುದು. ಹೆಂಡ ಕುಡಿದು ಕುಡಿದು ಮನುಷ್ಯನಿಗೆ ಅಭ್ಯಾಸ ಆಗಬಹುದು. ಮದ್ದು ಬಿದ್ದ ಹುಲ್ಲಿಗೆ ಅಭ್ಯಾಸ ಮಾಡಿಕೊಳ್ಳಲು ಪುರುಸೊತ್ತೇ ಇಲ್ಲ, ಅದು ಸಾಯುತ್ತದೆ. ಆದರೆ ಆ ಮದ್ದಿಗೆ ಸಾಯದ ಒಂದೆರಡು ಗಿಡ ಮೊದಲಿನಿಂದಲೂ ಅಲ್ಲೇ ಇತ್ತು. ಮದ್ದು ಗದ್ದೆಗೆ ಬರುವ ಮುಂಚೆಯೇ ಇತ್ತು. ಅಮ್ಮನ ಕೈ ಮಾಡಿದ ಆಯ್ಕೆಯನ್ನೇ ಮದ್ದೂ ಮಾಡುತ್ತದೆ. ಸಾವಿರ ವರ್ಷ ಹಿಡಿದದ್ದು ಐದಾರು ಬೆಳೆಯಲ್ಲಿ ಮುಗಿಯುತ್ತದೆ, ಅಷ್ಟೇ ವ್ಯತ್ಯಾಸ.

ಇದನ್ನು ನಂಬಿಸಲು ಒಂದು ಲೆಕ್ಕ ಮಾಡೋಣ. ಪೆನ್ನು ಇದ್ದವರು ಬರೆದುಕೊಳ್ಳಿ.

ಒಂದು ಎಕರೆ ಅಂದರೆ ಸುಮಾರು 4000 ಚದರ ಮೀಟರ್. ಒಂದು ಚದರ ಮೀಟರಿಗೆ 100 ಕಳೆ ಸಸಿ ಅಂತ ಹಿಡಿಯುವ. ಒಟ್ಟು 4 ಲಕ್ಷ ಸಸಿ. ಇದರಲ್ಲಿ ಮದ್ದಿಗೆ ಜಗ್ಗದ ಸಸಿ ಲಕ್ಷಕ್ಕೆ ಒಂದು ಅನ್ನೋಣ. ಇದು ಬಾಯಿಗೆ ಬಂದ ಸಂಖ್ಯೆ ಅಲ್ಲ. ಆಸ್ಟ್ರೇಲಿಯಾದಲ್ಲಿ ಒಂದು ಗುಂಪಿನ ಮದ್ದನ್ನು ಎಂದೂ ಕಾಣದ ರೈಗ್ರಾಸ್ ಹುಲ್ಲನ್ನು ಪರೀಕ್ಷಿಸಿದಾಗ, ಆ ಮದ್ದಿಗೆ ಸಾಯದವು ಸುಮಾರು ಹತ್ತು ಸಾವಿರಕ್ಕೆ ಒಂದರಿಂದ ಲಕ್ಷಕ್ಕೆ ಒಂದರಷ್ಟು ಸಿಕ್ಕಿದ್ದವು. ನಮ್ಮ ಎಕರೆಯಲ್ಲಿ ಹಾಗಾದರೆ ನಾಲ್ಕು ಗಿಡ. ನಾಲ್ಕು ಲಕ್ಷದಲ್ಲಿ ನಾಲ್ಕು! ದೇವರೇ ಬಂದು ಹುಡುಕಿದರೂ ಸಿಗಲಿಕ್ಕಿಲ್ಲ.

ಮದ್ದು ಹೊಡೆದಿರಿ. ಮಾಮೂಲಿ ಹುಲ್ಲಿನಲ್ಲಿ ನೂರಕ್ಕೆ 95 ಸತ್ತಿತು. ಒಳ್ಳೆಯ ಮದ್ದು. ಉಳಿದದ್ದು 20,000 ಮಾಮೂಲಿ ಗಿಡ, ಜತೆಗೆ ಆ ನಾಲ್ಕು. ಉಳಿದವೆಲ್ಲ ಬೀಜ ಬಿಟ್ಟು ಮುಂದಿನ ಬೆಳೆಗೆ ಮತ್ತೆ 4 ಲಕ್ಷ ಸಸಿ ಮೇಲೆ ಬಂದರೆ, ಅದರಲ್ಲಿ ಜಗ್ಗದವು 80. ಮತ್ತೆ ಅದೇ ಮದ್ದು. ಮೂರನೆಯ ಬೆಳೆಗೆ ಸುಮಾರು 1600. ನಾಲ್ಕನೆಯದಕ್ಕೆ 30,000ದ ಹತ್ತಿರ. ಆಗ ಗದ್ದೆ ಹೇಗೆ ಕಾಣುತ್ತದೆ? ಮದ್ದು ಹೊಡೆದ ಮೇಲೆ ನೂರಕ್ಕೆ ಹನ್ನೆರಡರಷ್ಟು ಉಳಿದಿರುತ್ತದೆ. "ಈ ಸಲ ಮಳೆ ಬಂತಲ್ಲ, ಸ್ವಲ್ಪ ತೊಳೆದು ಹೋಯಿತು" ಅಂತ ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ. ಐದನೆಯ ಬೆಳೆಗೆ ಏಳುವ 4 ಲಕ್ಷದಲ್ಲಿ ಜಗ್ಗದವು ಸುಮಾರು ಎರಡೂವರೆ ಲಕ್ಷ. ಆಗ ಅಂಗಡಿಯವನ ಜತೆ ಜಗಳ: ಎಂತ ಮಾರಾಯ, ಮದ್ದು ಡುಪ್ಲಿಕೇಟಾ?

ನೋಡಿ, ನಾಲ್ಕು ಬೆಳೆಯವರೆಗೆ ನಮ್ಮ ಕಣ್ಣಿಗೆ ಏನೂ ಕಾಣಲಿಲ್ಲ. ಕೆಲಸವೆಲ್ಲ ಆಗ ಆದದ್ದೇ. ಕಣ್ಣಿಗೆ ಕಂಡ ವರ್ಷ ಕೆಲಸ ಮುಗಿದಿತ್ತು.

ಮಣ್ಣಿನೊಳಗೆ ಹಳೆಯ ಬೀಜದ ದಾಸ್ತಾನು ಇರುವುದರಿಂದ ನಿಜವಾದ ಗದ್ದೆಯಲ್ಲಿ ಇದು ಇಷ್ಟು ಬೇಗ ಆಗಲಿಕ್ಕಿಲ್ಲ. ಮದ್ದು ಕಾಣದ ಹಳೆಯ ಬೀಜ ಪ್ರತಿ ವರ್ಷ ಸ್ವಲ್ಪ ಮೊಳೆತು ಬೆರೆಯುತ್ತದೆ, ಓಟ ನಿಧಾನವಾಗುತ್ತದೆ. ಆದರೆ ದಿಕ್ಕು ಅದೇ. ಇನ್ನೊಂದು ವಿಚಿತ್ರ ಗಮನಿಸಿ: ಮದ್ದು ನೂರಕ್ಕೆ 95ರ ಬದಲು 99 ಕೊಂದರೆ ಏನಾಗುತ್ತದೆ? ಮನೆಗೆ ಹೋಗಿ ಲೆಕ್ಕ ಹಾಕಿ ನೋಡಿ. ನಾಲ್ಕನೆಯ ಬೆಳೆಗೇ ನೂರಕ್ಕೆ ತೊಂಬತ್ತು ಜಗ್ಗದ ಗಿಡ. ಮದ್ದು ಎಷ್ಟು ಚುರುಕೋ ಆಯ್ಕೆ ಅಷ್ಟು ಕಠಿಣ.

ಹಾಗಾದರೆ ಅರ್ಧ ಡೋಸ್ ಹಾಕುವುದೇ ಒಳ್ಳೆಯದಲ್ಲವಾ ಅಂತ ಯಾರೋ ಅಲ್ಲಿ ಗೊಣಗಿದರು. ಅಲ್ಲ. ಅರ್ಧ ಡೋಸಿನಲ್ಲಿ ಇನ್ನೊಂದು ಬಾಗಿಲು ತೆರೆಯುತ್ತದೆ. ಪೂರ್ತಿ ಡೋಸಿಗೆ ಸಾಯುವ, ಆದರೆ ಮಾಮೂಲಿಗಿಂತ ಸ್ವಲ್ಪ ಗಟ್ಟಿ ಇರುವ ಗಿಡಗಳು ಬದುಕುತ್ತವೆ. ಅವು ತಮ್ಮ ತಮ್ಮಲ್ಲಿ ಪರಾಗ ಬದಲಿಸಿಕೊಂಡು ಇವನ ಸ್ವಲ್ಪ, ಅವಳ ಸ್ವಲ್ಪ ಗಟ್ಟಿತನ ಮಕ್ಕಳಲ್ಲಿ ಕೂಡಿಸುತ್ತವೆ. ಅದೇ ರೈಗ್ರಾಸಿಗೆ ಕಡಿಮೆ ಡೋಸ್ ಕೊಡುತ್ತಾ, ಉಳಿದವುಗಳ ಬೀಜವನ್ನೇ ಮತ್ತೆ ಬಿತ್ತುತ್ತಾ ಹೋದಾಗ ಮೂರೇ ತಲೆಮಾರಿನಲ್ಲಿ ಪೂರ್ತಿ ಡೋಸಿಗೂ ಜಗ್ಗದ ಹುಲ್ಲು ಬಂತು.

ಈ ಎಚ್ಚರಿಕೆ ಹೊಸದೇನಲ್ಲ. 2,4-ಡಿ ಎಂಬ ಮದ್ದು ಎರಡನೆಯ ಮಹಾಯುದ್ಧದ ಕೊನೆಗೆ ಮಾರುಕಟ್ಟೆಗೆ ಬಂತು. ಬ್ರಿಟನ್ನಿನ ಸಸ್ಯವಿಜ್ಞಾನಿ ಜಾನ್ ಹಾರ್ಪರ್ 1956ರಲ್ಲೇ, ಹೀಗೇ ಹೋದರೆ ಕಳೆಗಳು ನಿರೋಧಕವಾಗುತ್ತವೆ, ಅಂದರೆ ಮದ್ದಿಗೆ ಸಾಯದಾಗುತ್ತವೆ, ಎಂದಿದ್ದರು. ಮರುವರ್ಷವೇ ಹವಾಯಿಯ ಕಬ್ಬಿನ ಗದ್ದೆಯಿಂದ, ಕೆನಡಾದಿಂದ 2,4-ಡಿಗೆ ಸಾಯದ ಕಳೆಯ ಸುದ್ದಿ ಬಂತು. ಈಗ ಲೋಕದಲ್ಲಿ ನಿರೋಧಕವಾದ ಕಳೆ ಜಾತಿಗಳು 250 ದಾಟಿವೆ.

ಇನ್ನು ಗಿಡದ ಒಳಗೆ ಹೋಗುವ. ಮದ್ದು ಗಿಡವನ್ನು ಕೊಲ್ಲುವುದು ಹೇಗೆ? ಗಿಡದೊಳಗೆ ಅಡುಗೆಮನೆ ಉಂಟು. ಅಲ್ಲಿ ನೂರಾರು ಅಡುಗೆಯವರು, ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ಇವರಿಗೆ ಕಿಣ್ವ ಅನ್ನುತ್ತೇವೆ. ಮದ್ದು ಹೋಗಿ ಒಬ್ಬ ಅಡುಗೆಯವನ ಕೈ ಹಿಡಿದುಕೊಳ್ಳುತ್ತದೆ. ಅವನ ಕೆಲಸ ನಿಂತರೆ ಊಟವೇ ಇಲ್ಲ. ನಮ್ಮ ಗದ್ದೆಯಲ್ಲಿ ಈಗ ಬಹಳ ಬಳಕೆಯಲ್ಲಿರುವ ಬಿಸ್‌ಪೈರಿಬ್ಯಾಕ್ ಹಿಡಿಯುವುದು ಎಎಲ್ಎಸ್ ಎಂಬವನನ್ನು. ತೋಟದ ಗ್ಲೈಫೋಸೇಟ್ ಹಿಡಿಯುವುದು ಇನ್ನೊಬ್ಬನನ್ನು.

ಬದುಕುವ ಗಿಡದ ಮೊದಲ ದಾರಿ, ಆ ಅಡುಗೆಯವನ ಕೈಯ ಆಕಾರವೇ ಕೊಂಚ ಬೇರೆ ಇರುವುದು. ಕಿಣ್ವ ಅಂದರೆ ನೂರಾರು ಮಣಿ ಪೋಣಿಸಿದ ಸರದ ಹಾಗೆ. ಅದರಲ್ಲಿ ಒಂದು ಮಣಿ ಬದಲಾದರೆ ಸಾಕು, ಮದ್ದಿನ ಹಿಡಿತ ಜಾರುತ್ತದೆ, ಅಡುಗೆ ಮಾತ್ರ ನಡೆಯುತ್ತದೆ. ಎಎಲ್ಎಸ್ ಈ ವಿಷಯದಲ್ಲಿ ಬಹಳ ಸಡಿಲ. ಹಲವು ಕಡೆ ಮಣಿ ಬದಲಾದರೂ ಅವನಿಗೆ ತೊಂದರೆ ಇಲ್ಲ. ಆದ್ದರಿಂದಲೇ ಈ ಗುಂಪಿನ ಮೊದಲ ಮದ್ದು ಅಮೆರಿಕದಲ್ಲಿ 1982ರಲ್ಲಿ ಬಂತು, 1987ಕ್ಕೆ ಅಲ್ಲಿನ ಗೋಧಿ ಹೊಲಗಳಲ್ಲಿ ಸಾಯದ ಕಳೆ ಸಿಕ್ಕಿತು. ಐದು ವರ್ಷ ಸಾಕಾಯಿತು.

ಎರಡನೆಯದು, ಅಡುಗೆಯವರ ಸಂಖ್ಯೆ ಹೆಚ್ಚಿಸುವುದು. ಅಮೆರಿಕದ ಹತ್ತಿ ಹೊಲಗಳಲ್ಲಿ ಪಾಮರ್ ಅಮರಾಂತ್ ಅಂತ ಒಂದು ಕಳೆ, ನಮ್ಮ ಹರಿವೆಯ ದಾಯಾದಿ. ಒಂದೊಂದು ಹೆಣ್ಣು ಗಿಡ ಲಕ್ಷಗಟ್ಟಲೆ ಬೀಜ ಬಿಡುತ್ತದೆ. ಗ್ಲೈಫೋಸೇಟಿಗೆ ಸಾಯದ ಗಿಡಗಳನ್ನು ತೆಗೆದು ನೋಡಿದರೆ, ಆ ಕಿಣ್ವದ ವಂಶವಾಹಿಯ ಪ್ರತಿಗಳು ಕೆಲವು ಗಿಡಗಳಲ್ಲಿ ನೂರಕ್ಕೂ ಮಿಕ್ಕಿ ಇದ್ದವು. ಮದ್ದು ಎಷ್ಟು ಜನರ ಕೈ ಹಿಡಿದೀತು?

ಮೂರನೆಯ ದಾರಿಯೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು. ಅದಕ್ಕೆ ನಿಮಗೊಂದು ಪ್ರಶ್ನೆ. ಬಿಸ್‌ಪೈರಿಬ್ಯಾಕ್ ಹೊಡೆಯುವಾಗ ನೀವು ಭತ್ತವನ್ನು ಮುಚ್ಚಿಟ್ಟು ಹೊಡೆಯುತ್ತೀರಾ? ಇಲ್ಲ. ಭತ್ತದ ಮೇಲೂ ಬೀಳುತ್ತದೆ. ಹುಲ್ಲು ಸಾಯುತ್ತದೆ, ಭತ್ತ ಎರಡು ದಿನ ಬಣ್ಣಗೆಟ್ಟರೂ ಎದ್ದು ನಿಲ್ಲುತ್ತದೆ. ಯಾಕೆ? ಭತ್ತಕ್ಕೆ ಆ ವಿಷವನ್ನು ಬೇಗ ಬೇಗ ಒಡೆದು ಹಾಕುವ ಶಕ್ತಿ ಉಂಟು, ನಮ್ಮ ಪಿತ್ತಜನಕಾಂಗ ಮಾತ್ರೆಯನ್ನು ಒಡೆಯುವ ಹಾಗೆ. ಅಂದರೆ ಗದ್ದೆಯಲ್ಲಿ ಮದ್ದಿಗೆ ಜಗ್ಗದ ಮೊದಲ ಗಿಡ ನಮ್ಮ ಎಂಒ4 ತಳಿಯ ಭತ್ತವೇ! ಎಕಿನೋಕ್ಲೋವಾ ಭತ್ತಕ್ಕೆ ದೂರದ ನೆಂಟ. ಭತ್ತದ ಯಂತ್ರಗಳೆಲ್ಲ ಅದರಲ್ಲೂ ಉಂಟು, ಓಡುವ ವೇಗ ಕಡಿಮೆ ಅಷ್ಟೇ. ವೇಗ ಹೆಚ್ಚಿದ್ದ ಗಿಡವನ್ನು ಮದ್ದು ಆರಿಸಿದರೆ ಮುಗಿಯಿತು. ಮಧ್ಯ ಅಮೆರಿಕದ ಗದ್ದೆಗಳಲ್ಲಿ ಪ್ರೊಪನಿಲ್ ಎಂಬ ಮದ್ದಿಗೆ ಹೀಗೇ ಆಯಿತು. ಭತ್ತ ಪ್ರೊಪನಿಲನ್ನು ಯಾವ ಕಿಣ್ವದಿಂದ ಒಡೆಯುತ್ತದೆಯೋ ಅದೇ ಕಿಣ್ವ ಅಲ್ಲಿನ ಎಕಿನೋಕ್ಲೋವಾದಲ್ಲೂ ಹೆಚ್ಚಾಯಿತು. ಮೊದಲು ಹೊರಗಿನ ವೇಷ ಕಲಿತಿತ್ತು, ಈಗ ಒಳಗಿನದ್ದೂ ಕಲಿಯಿತು.

ಇದರಲ್ಲಿ ಹೆದರಿಕೆಯ ವಿಷಯ ಏನೆಂದರೆ, ಒಡೆಯುವ ಯಂತ್ರ ಒಂದೇ ಮದ್ದಿಗೆ ಸೀಮಿತ ಅಲ್ಲ. ನೀವು ಇನ್ನೂ ಖರೀದಿಸದ, ನಿಮ್ಮ ಗದ್ದೆ ಎಂದೂ ನೋಡದ ಮದ್ದನ್ನೂ ಅದು ಒಡೆದೀತು. ಹೊಸ ಬಾಟಲಿ ತಂದು ಮೊದಲ ಸಲ ಹೊಡೆದ ದಿನವೇ ಕೆಲಸ ಮಾಡದಿರಬಹುದು.

ನಮ್ಮ ದೇಶದಲ್ಲಿ ಇದರ ಪೆಟ್ಟು ಮೊದಲು ತಿಂದವರು ಹರಿಯಾಣದವರು. ಅಲ್ಲಿ ಭತ್ತ ಕೊಯ್ದು ಗೋಧಿ, ಗೋಧಿ ಕೊಯ್ದು ಭತ್ತ. ಗೋಧಿಯ ನಡುವೆ ಗೋಧಿಯ ಹಾಗೇ ಕಾಣುವ ಒಂದು ಹುಲ್ಲು, ಫಲಾರಿಸ್ ಮೈನರ್. ಅಲ್ಲಿಯವರು ಗುಲ್ಲಿ ಡಂಡಾ ಅನ್ನುತ್ತಾರೆ. ಐಸೋಪ್ರೊಟ್ಯುರಾನ್ ಎಂಬ ಮದ್ದು ಅಗ್ಗ, ಚೆನ್ನಾಗಿ ಕೆಲಸ ಮಾಡುತ್ತಿತ್ತು. ಹತ್ತು ಹದಿನೈದು ವರ್ಷ ಅದೊಂದನ್ನೇ ಹೊಡೆದರು. 1990ರ ದಶಕದ ಆರಂಭದಲ್ಲಿ ಹುಲ್ಲು ಎಷ್ಟು ಏರಿತೆಂದರೆ, ಕೆಲವು ರೈತರು ಹಸಿ ಗೋಧಿಯನ್ನೇ ಕೊಯ್ದು ದನಕ್ಕೆ ಹಾಕಿದರು. ತೆನೆ ಕಟ್ಟುವವರೆಗೆ ಕಾದು ಪ್ರಯೋಜನವಿರಲಿಲ್ಲ. ಆಮೇಲೆ ಬೇರೆ ಗುಂಪಿನ ಹೊಸ ಮದ್ದುಗಳು ಬಂದವು, ಕೆಲವು ವರ್ಷ ಉಸಿರಾಡಿದರು, ಅವುಗಳಿಗೂ ಹುಲ್ಲು ಜಗ್ಗದಾಯಿತು. ಆದರೆ ಅದೇ ಸೀಮೆಯಲ್ಲಿ ನಡುನಡುವೆ ಕಬ್ಬು ಹಾಕಿದವರ, ದನಕ್ಕೆ ಬರ್ಸೀಮ್ ಮೇವು ಬೆಳೆದವರ ಹೊಲದಲ್ಲಿ ಈ ಕಾಟ ಕಡಿಮೆ ಇತ್ತು. ಬರ್ಸೀಮನ್ನು ತಿಂಗಳಿಗೊಮ್ಮೆ ಕೊಯ್ಯುವಾಗ ಹುಲ್ಲೂ ಬೀಜ ಕಟ್ಟುವ ಮೊದಲೇ ದನದ ಹೊಟ್ಟೆಗೆ ಹೋಗುತ್ತಿತ್ತು.

ಅದು ಹರಿಯಾಣ, ನಮಗೇನು ಅನ್ನಬೇಡಿ. 2021ರಲ್ಲಿ ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯದ ವಿಜ್ಞಾನಿಗಳು, ಬಿಸ್‌ಪೈರಿಬ್ಯಾಕಿಗೆ ಸಾಯದ ಜೇಕಿನ ಜಾತಿಯೊಂದು ಛತ್ತೀಸಗಢ ಮತ್ತು ಕೇರಳದ ಗದ್ದೆಗಳಲ್ಲಿ ಸಿಕ್ಕಿದ್ದನ್ನು ಪ್ರಕಟಿಸಿದರು. ನಮ್ಮ ದೇಶದ ಎಕಿನೋಕ್ಲೋವಾದಲ್ಲೂ ಅದೇ ಗುಂಪಿಗೆ ನಿರೋಧಕತೆ ಅದೇ ವರ್ಷ ವರದಿಯಾಯಿತು. ಕೇರಳ ನಮಗೆ ತಲಪಾಡಿ ದಾಟಿದರೆ ಸಿಗುವ ಊರು.

ಈಗ ನಿಮ್ಮ ಮನೆಯ ಅಟ್ಟಕ್ಕೆ, ಪಂಪ್ ಶೆಡ್ಡಿಗೆ ಬರುವ. ಅಲ್ಲಿ ನಾಲ್ಕು ಬಾಟಲಿ, ಪೊಟ್ಟಣ ಉಂಟು. "ನಾನು ಒಂದೇ ಮದ್ದು ಹೊಡೆಯುವುದಿಲ್ಲ, ಪ್ರತಿ ವರ್ಷ ಬದಲಿಸುತ್ತೇನೆ" ಅಂತ ಕಳೆದ ತಿಂಗಳು ಒಬ್ಬರು ಬಹಳ ಹೆಮ್ಮೆಯಿಂದ ಹೇಳಿದರು. ತೋರಿಸಿ ಅಂದೆ. ಒಂದು ವರ್ಷ ಪೈರಜೋಸಲ್ಫುರಾನ್, ಒಂದು ವರ್ಷ ಬಿಸ್‌ಪೈರಿಬ್ಯಾಕ್, ಮತ್ತೊಂದು ವರ್ಷ ಪೆನಾಕ್ಸುಲಾಮ್. ಮೂರು ಬಣ್ಣದ ಪೊಟ್ಟಣ, ಮೂರು ಕಂಪೆನಿ. ಮೂರೂ ಹಿಡಿಯುವುದು ಅದೇ ಎಎಲ್ಎಸ್ ಅಡುಗೆಯವನ ಕೈ! ಬೆನ್‌ಸಲ್ಫುರಾನ್, ಮೆಟ್‌ಸಲ್ಫುರಾನ್, ಕ್ಲೋರಿಮ್ಯುರಾನ್ ಕೂಡ ಅದೇ ಗುಂಪು. ಅವರು ಬದಲಿಸಿದ್ದು ಅಂಗಿ ಮಾತ್ರ.

ಆದ್ದರಿಂದ ಅಂಗಡಿಯಲ್ಲಿ ಹೆಸರು ಕೇಳಬೇಡಿ, ಗುಂಪು ಕೇಳಿ. ಅವನಿಗೆ ಗೊತ್ತಿಲ್ಲದಿದ್ದರೆ ಈ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ, ಲೋಕವೆಲ್ಲ ಬಳಸುವ ಸಂಖ್ಯೆಗಳು: ನಾನು ಈಗ ಹೇಳಿದ ಎಎಲ್ಎಸ್ ಮದ್ದುಗಳೆಲ್ಲ ಗುಂಪು 2. ಬ್ಯುಟಾಕ್ಲೋರ್, ಪ್ರೆಟಿಲಾಕ್ಲೋರ್ ಗುಂಪು 15. ಪೆಂಡಿಮೆಥಾಲಿನ್ 3. ಹುಲ್ಲಿಗೆ ಮಾತ್ರ ಹೊಡೆಯುವ ಸೈಹಾಲೊಫಾಪ್ 1. 2,4-ಡಿ 4. ಗ್ಲೈಫೋಸೇಟ್ 9. ಎರಡು ಮದ್ದು ಬೆರೆಸಿದ ಪೊಟ್ಟಣ ತಂದರೆ ನಿಶ್ಚಿಂತೆ ಅಂತಲೂ ತಿಳಿಯಬೇಡಿ. ಎರಡೂ ಮದ್ದು ಅದೇ ಕಳೆಯನ್ನು ಕೊಲ್ಲುವಂತಿದ್ದರೆ ಮಾತ್ರ ಒಂದು ಇನ್ನೊಂದಕ್ಕೆ ಕಾವಲು. ಒಂದು ಹುಲ್ಲಿಗೆ, ಒಂದು ಅಗಲ ಎಲೆಗೆ ಅಂತ ಪಾಲು ಮಾಡಿಕೊಂಡಿದ್ದರೆ ಪ್ರತಿಯೊಂದು ಕಳೆಗೂ ಬಿದ್ದದ್ದು ಒಂದೇ ಮದ್ದು.

ನನ್ನ ತೋಟದ ಕಥೆಯನ್ನೂ ಹೇಳಿಬಿಡುತ್ತೇನೆ, ನಗಬೇಡಿ. ತರಗತಿಯಲ್ಲಿ ಇದನ್ನೆಲ್ಲ ಪಾಠ ಮಾಡುತ್ತಿದ್ದವನು ನಾನು. ನಿವೃತ್ತಿಯಾಗಿ ಊರಿಗೆ ಬಂದೆ, ಹುಲ್ಲು ಹೆರೆಯಲು ಆಳಿಲ್ಲ, ಅಡಿಕೆ ತೋಟಕ್ಕೆ ವರ್ಷಕ್ಕೆರಡು ಸಲ ಗ್ಲೈಫೋಸೇಟ್ ಹೊಡೆಸಿದೆ. ಆರು ವರ್ಷ. ಆ ಮದ್ದಿನ ಲೇಬಲ್ಲಿನಲ್ಲಿ ಅಡಿಕೆ ತೋಟದ ಹೆಸರೇ ಇಲ್ಲ, ಚಹಾ ತೋಟ ಮತ್ತು ಬೆಳೆ ಇಲ್ಲದ ಜಾಗ ಅಂತ ಉಂಟು. 2022ರಲ್ಲಿ ಕೇಂದ್ರ ಸರಕಾರ ಅದರ ಬಳಕೆಗೆ ಇನ್ನೂ ಕಡಿವಾಣ ಹಾಕಿತು. ಅದು ಬೇರೆ ಚರ್ಚೆ. ನನ್ನ ತೋಟದಲ್ಲಿ ಆದದ್ದು ಏನೆಂದರೆ, ಹುಲ್ಲೆಲ್ಲ ಹೋಯಿತು, ನೀಲಿ ಹೂವಿನ, ಗೆಣ್ಣು ಗೆಣ್ಣಿಗೆ ಬೇರು ಬಿಡುವ ಕೊಮೆಲಿನಾ ನೆಲ ತುಂಬಿತು. ಕೆಲವೆಡೆ ಕನ್ನೆ ಸೊಪ್ಪು ಅನ್ನುತ್ತಾರೆ. ಇದು ನಾನು ಇಷ್ಟು ಹೊತ್ತು ಹೇಳಿದ ನಿರೋಧಕತೆ ಅಲ್ಲ. ಆ ಗಿಡ ಹುಟ್ಟಿನಿಂದಲೇ ಗ್ಲೈಫೋಸೇಟಿಗೆ ಸುಲಭದಲ್ಲಿ ಸಾಯುವುದಿಲ್ಲ. ನಾನು ಅದರ ನೆರೆಕರೆಯವರನ್ನೆಲ್ಲ ಕೊಂದು ಜಾಗ ಬಿಡಿಸಿಕೊಟ್ಟೆ. ಮಲೇಷ್ಯಾದಲ್ಲಿ ಆದದ್ದು ನಿಜವಾದ ನಿರೋಧಕತೆ. ಅಲ್ಲಿ ಎಲ್ಯುಸಿನ್ ಇಂಡಿಕಾ, ನಮ್ಮ ರಾಗಿಯ ಕಾಡು ನೆಂಟ, ಒಂದು ಕಾಲಕ್ಕೆ ಗ್ಲೈಫೋಸೇಟಿಗೆ ಸಲೀಸಾಗಿ ಸಾಯುತ್ತಿದ್ದದ್ದು, 1997ರ ಹೊತ್ತಿಗೆ ಸಾಯದಾಯಿತು. ಆ ಹುಲ್ಲು ನಮ್ಮ ಅಂಗಳದ ಬದಿಯಲ್ಲೂ ಉಂಟು. ನಾನೀಗ ಯಂತ್ರದಲ್ಲಿ ಹುಲ್ಲು ಕತ್ತರಿಸಿ ಬುಡಕ್ಕೆ ಹಾಕುತ್ತೇನೆ. ಖರ್ಚು ಹೆಚ್ಚು, ಸುಳ್ಳು ಹೇಳುವುದಿಲ್ಲ.

ಹಾಗಂತ ಸಾಯದ ಹುಲ್ಲೆಲ್ಲ ನಿರೋಧಕ ಅಲ್ಲ. ನಮ್ಮ ಕಡೆ ಮದ್ದು ಸೋಲಲು ಬೇರೆ ಕಾರಣ ಬೇಕಾದಷ್ಟು. ಹೊಡೆದು ಗಂಟೆಯೊಳಗೆ ಜಡಿಮಳೆ. ಕೆರೆಯ ಕೆಂಪು ನೀರಿನಲ್ಲಿ ಗ್ಲೈಫೋಸೇಟ್ ಬೆರೆಸುವುದು. ಅದು ಮಣ್ಣಿನ ಕಣಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುವ ಮದ್ದು, ಟ್ಯಾಂಕಿನಲ್ಲೇ ಅರ್ಧ ಸತ್ತಿರುತ್ತದೆ. ಬಿಸ್‌ಪೈರಿಬ್ಯಾಕ್ ಹೊಡೆಯುವ ಮುಂಚೆ ಗದ್ದೆಯ ನೀರು ಬಸಿಯದೆ, ಹುಲ್ಲಿನ ತಲೆ ಮಾತ್ರ ಮೇಲೆ ಕಾಣುವಾಗ ಹೊಡೆಯುವುದು. ನಾಟಿಯಾಗಿ ಇಪ್ಪತ್ತು ದಿನಕ್ಕೆ ಹೊಡೆಯಬೇಕಾದದ್ದನ್ನು ಮಳೆ ಬಿಡಲಿಲ್ಲ ಅಂತ ನಲವತ್ತಕ್ಕೆ ಹೊಡೆಯುವುದು. ಇವೆಲ್ಲ ನಮ್ಮ ತಪ್ಪು, ಹುಲ್ಲಿನ ತಲೆಗೆ ಕಟ್ಟಬಾರದು.

ಉಪ್ಪಿನ ಬಗ್ಗೆ ಅಲ್ಲಿ ಒಬ್ಬರು ಕೇಳಿದರು. ಗ್ಲೈಫೋಸೇಟಿನ ಜತೆ ಉಪ್ಪು ಹಾಕಿದರೆ ಮರುದಿನವೇ ಹುಲ್ಲು ಕರಟಿ ಕಾಣುತ್ತದೆ, ಹೌದು. ಆದರೆ ಆ ಮದ್ದು ಹಸಿ ಎಲೆಯಿಂದ ಇಳಿದು ಬೇರಿಗೆ ಹೋಗಬೇಕು. ಎಲೆಯನ್ನೇ ಸುಟ್ಟರೆ ಇಳಿಯುವ ದಾರಿ ಎಲ್ಲಿ? ಮೇಲೆ ಸತ್ತಂತೆ ಕಂಡು ಬುಡದಿಂದ ಚಿಗುರುತ್ತದೆ. ಉಪ್ಪುನೀರು ನುಗ್ಗದಂತೆ ಕಟ್ಟ ಕಟ್ಟಿ ಗದ್ದೆ ಕಾಯುವ ಊರಿನವರು ನಾವು, ಪೇಟೆಯಿಂದ ಉಪ್ಪು ತಂದು ತೋಟಕ್ಕೆ ಸುರಿಯುವುದು ಯಾವ ಬುದ್ಧಿ ಮಾರಾಯ್ರೆ!

ನಿಜವಾದ ನಿರೋಧಕತೆಯ ಗುರುತು ಹೇಳುತ್ತೇನೆ. ಮದ್ದು ಹೊಡೆದು ಮೂರು ವಾರಕ್ಕೆ ಗದ್ದೆಗೆ ಇಳಿಯಿರಿ. ಬೇರೆ ಎಲ್ಲ ಕಳೆ ಸತ್ತು ಒಂದೇ ಜಾತಿ ಉಳಿದಿದೆಯಾ? ಅದೇ ಜಾತಿಯ ಸತ್ತ ಬುಡದ ಪಕ್ಕದಲ್ಲೇ ಹಸುರಾಗಿ ನಿಂತ ಬುಡ ಉಂಟಾ? ಹೋದ ವರ್ಷ ಅಂಗಳದಷ್ಟು ಇದ್ದ ತುಂಡು ಈ ವರ್ಷ ಗದ್ದೆಯ ಉದ್ದಕ್ಕೆ ಹರಿದಿದೆಯಾ? ಮೂರಕ್ಕೂ ಹೌದು ಅಂತಾದರೆ ಸಂಶಯಪಡಿ. ಪಂಪಿನ ನಳಿಕೆ ಕಟ್ಟಿ ಮದ್ದು ಬೀಳದ ಜಾಗವಾದರೆ ಉದ್ದ ಪಟ್ಟಿಯ ಹಾಗೆ ಕಾಣುತ್ತದೆ, ಎಲ್ಲ ಜಾತಿಯೂ ಉಳಿದಿರುತ್ತದೆ.

ಆ ಉಳಿದ ಗಿಡಗಳನ್ನು ಕೈಯಿಂದ ಕಿತ್ತು ಗದ್ದೆಯ ಹೊರಗೆ ಹಾಕಿ. ಇವತ್ತು ನಾನು ಹೇಳುವುದರಲ್ಲಿ ಅತ್ಯಂತ ಅಗ್ಗದ್ದೂ, ಯಾರೂ ಮಾಡದ್ದೂ ಇದೇ. ಇಡೀ ಎಕರೆಯ ಕಳೆ ಕೀಳಲು ಇವತ್ತಿನ ಸಂಬಳದಲ್ಲಿ ಸಾಧ್ಯವಿಲ್ಲ, ನನಗೂ ಗೊತ್ತುಂಟು. ಮದ್ದು ಕೊಂದು ಉಳಿಸಿದ್ದನ್ನು ಕೀಳಲು ಅದರ ಸಣ್ಣ ಪಾಲು ಕೆಲಸ ಸಾಕು. ನಮ್ಮ ಲೆಕ್ಕದ ಆ ನಾಲ್ಕು ಗಿಡ ಇರುವುದು ಅದರೊಳಗೇ. ತೆನೆ ಬರುವ ಮುಂಚೆ ಕಿತ್ತರೆ ಲೆಕ್ಕ ಮತ್ತೆ ಮೊದಲಿಗೆ ಬಂದು ನಿಲ್ಲುತ್ತದೆ.

ನೀರು ಇನ್ನೊಂದು ಮದ್ದು, ನಮ್ಮ ಕರಾವಳಿಗೆ ಆಕಾಶವೇ ಪುಕ್ಕಟೆ ಕೊಡುವುದು. ನಾಟಿಯಾದ ಮೊದಲ ಮೂರು ವಾರ ಗದ್ದೆಯಲ್ಲಿ ಎರಡು ಇಂಚು ನೀರು ನಿಂತರೆ ಎಕಿನೋಕ್ಲೋವಾದ ಬೀಜಕ್ಕೆ ಮೊಳಕೆ ಕಷ್ಟ. ಗದ್ದೆ ಸಮ ಇಲ್ಲದಿದ್ದರೆ ಎತ್ತರದ ಮೂಲೆಯಲ್ಲಿ ನೀರು ನಿಲ್ಲುವುದಿಲ್ಲ, ಹುಲ್ಲು ಹುಟ್ಟುವುದು ಅಲ್ಲೇ. ಮೇ ತಿಂಗಳ ಮಳೆಗೆ ಒಮ್ಮೆ ಉತ್ತು, ಕಳೆ ಹುಟ್ಟಲು ಬಿಟ್ಟು, ಹದಿನೈದು ದಿನ ಕಳೆದು ಕೆಸರಲ್ಲಿ ಹೂತುಬಿಡುವುದು ಅಜ್ಜನ ಕಾಲದ ಕ್ರಮ. ಬೀಜದ ದಾಸ್ತಾನನ್ನು ಖಾಲಿ ಮಾಡಿಸುವ ಉಪಾಯ. ಚಾಪೆಯ ಹಾಗೆ ಬೆಳೆಸುವ ನೇಜಿ (ಭತ್ತದ ಸಸಿ), ಯಂತ್ರ ನಾಟಿಯ ಗಡಿಬಿಡಿಯಲ್ಲಿ ಆ ಹದಿನೈದು ದಿನ ನಮ್ಮ ಕೈಯಿಂದ ಜಾರಿತು. ಸುಗ್ಗಿಗೆ, ಅಂದರೆ ಏಣೆಲಿನ ನಂತರದ ಬೆಳೆಗೆ, ಗದ್ದೆ ಹಡೀಲು (ಪಾಳು) ಬಿಡದೆ ಉದ್ದು, ನೆಲಗಡಲೆ ಹಾಕುವವರಿಗೆ ಹರಿಯಾಣದ ಬರ್ಸೀಮಿನ ಲಾಭದಲ್ಲಿ ಒಂದು ಪಾಲು ಇಲ್ಲೇ ಸಿಗುತ್ತದೆ.

ಮತ್ತೆ ಕಟಾವು ಯಂತ್ರ. ಅಕ್ಟೋಬರಿನಲ್ಲಿ ಹೊರಗಿನಿಂದ ಬಾಡಿಗೆಗೆ ಬರುವ ಯಂತ್ರ ಯಾವ ಯಾವ ಊರಿನ ಗದ್ದೆ ಕೊಯ್ದು ಬಂದಿದೆ ಅಂತ ಕೇಳಿದ್ದೀರಾ? ಅದರ ಹೊಟ್ಟೆಯಲ್ಲಿ, ಚೈನಿನ ಮಣ್ಣಿನಲ್ಲಿ ಅಲ್ಲಿನ ಕಳೆ ಬೀಜ ಉಂಟು. ಐದು ವರ್ಷ ನೀವು ಎಷ್ಟೇ ಜಾಗ್ರತೆ ಮಾಡಿ, ಬೇರೆಯವರ ಐದು ವರ್ಷದ ಆಯ್ಕೆ ಒಂದೇ ಮಧ್ಯಾಹ್ನ ನಿಮ್ಮ ಗದ್ದೆಗೆ ಇಳಿಯುತ್ತದೆ. ಗದ್ದೆಗೆ ಇಳಿಸುವ ಮುಂಚೆ ರಸ್ತೆ ಬದಿಯಲ್ಲೇ ಒಮ್ಮೆ ಖಾಲಿ ಓಡಿಸಿ, ಗುಡಿಸಿ ತೆಗೆಯಲು ಹೇಳಿ. ಗಂಟೆ ಲೆಕ್ಕದ ಬಾಡಿಗೆ, ಚಾಲಕ ಸಿಡುಕುತ್ತಾನೆ. ಹತ್ತು ಮನೆಯವರು ಒಟ್ಟಾಗಿ ಹೇಳಿದರೆ ಕೇಳುತ್ತಾನೆ.

ಕೊನೆಗೆ, ಮುಂದಿನ ಸಾಲಿನ ಅಕ್ಕ ಕೇಳಿದ ಪ್ರಶ್ನೆ: ಸಂಶಯವನ್ನು ಮನೆಯಲ್ಲೇ ಪರೀಕ್ಷೆ ಮಾಡುವುದು ಹೇಗೆ? ಮಾಡಬಹುದು. ಮದ್ದಿಗೆ ಸಾಯದೆ ಉಳಿದ ಗಿಡಗಳಲ್ಲಿ ಕೆಲವನ್ನು ಮಾತ್ರ ಗುರುತು ಹಾಕಿ ಬಿಟ್ಟು, ಬೀಜ ಬಲಿತ ಕೂಡಲೇ ಕಾಗದದ ಕವರಿನಲ್ಲಿ ತೆಗೆದುಕೊಳ್ಳಿ, ನೆಲಕ್ಕೆ ಉದುರಲು ಬಿಡಬೇಡಿ. ಎಂದೂ ಮದ್ದು ಬೀಳದ ಜಾಗದಿಂದ, ದೇವಸ್ಥಾನದ ಕೆರೆ ದಂಡೆಯೋ ಎಂತದೋ, ಅದೇ ಜಾತಿಯ ಬೀಜ ಇನ್ನೊಂದು ಕವರಿನಲ್ಲಿ. ಎರಡನ್ನೂ ಒಣಗಿಸಿ ಇಟ್ಟು ಬೇಸಗೆ ಕಳೆದ ಮೇಲೆ ಅಡಿಕೆ ಸಸಿ ಮಾಡುವ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಬಿತ್ತಿ, ಹತ್ತು ತೊಟ್ಟೆ ಇದು, ಹತ್ತು ತೊಟ್ಟೆ ಅದು. ಮೂರು ನಾಲ್ಕು ಎಲೆ ಬಂದಾಗ ಒಂದೇ ದಿನ, ಒಂದೇ ಪಂಪಿನಿಂದ, ಲೇಬಲ್ಲಿನ ಪೂರ್ತಿ ಡೋಸಿನಲ್ಲಿ ಎರಡಕ್ಕೂ ಹೊಡೆಯಿರಿ. ಎರಡೂ ಕಡೆಯಿಂದ ಎರಡೆರಡು ತೊಟ್ಟೆಗೆ ಮಾತ್ರ ಹೊಡೆಯಬೇಡಿ, ಹೋಲಿಸಲು ಬೇಕು. ಮೂರು ವಾರ ಕಾದು ಎಣಿಸಿ. ಕೆರೆ ದಂಡೆಯದ್ದು ಸತ್ತು ಗದ್ದೆಯದ್ದು ನಿಂತರೆ, ಉಳಿದ ಬೀಜದ ಕವರಿನ ಮೇಲೆ ಗದ್ದೆಯ ಹೆಸರು, ಇಷ್ಟು ವರ್ಷ ಹೊಡೆದ ಮದ್ದುಗಳ ಹೆಸರು, ತಾರೀಕು ಬರೆದು ಬ್ರಹ್ಮಾವರದ ಸಂಶೋಧನಾ ಕೇಂದ್ರಕ್ಕೆ ಹೋಗಿ. ಮದ್ದಿನ ಖಾಲಿ ಪೊಟ್ಟಣಗಳನ್ನೂ ಒಂದು ಚೀಲದಲ್ಲಿ ಹಾಕಿ ಒಯ್ಯಿರಿ, ಅಲ್ಲಿಯವರು ಮೊದಲು ಕೇಳುವುದು ಅದನ್ನೇ.